ಸಂಪಾಜೆಯಿಂದ ಕುಶಾಲನಗರದವರೆಗಿನ ಹೆದ್ದಾರಿಗೆ ನಮ್ಮ ಯೋಧರ ಹೆಸರು: ಯಾರ ಹೆಸರು, ಯಾವ ರೀತಿಯಲ್ಲಿ?

ಕೆದಕಲ್ ನಿವಾಸಿ
ಬಂಟ್ವಾಳದಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಸಂಪಾಜೆಯಲ್ಲಿ ನಮ್ಮ ಕೊಡಗು ಜಿಲ್ಲೆಯನ್ನು ಪ್ರವೇಶಿಸಿ, ಘಟ್ಟ ಹತ್ತಿ ಮಡಿಕೇರಿಗೆ ಬಂದು, ಸುಂಟಿಕೊಪ್ಪ, ಗುಡ್ಡೆಹೊಸೂರುಗಳನ್ನು ಹಾದು, ಕುಶಾಲನಗರದ ಸೇತುವೆಯಲ್ಲಿ ಕಾವೇರಿಯನ್ನು ದಾಟಿ ಮೈಸೂರು ಜಿಲ್ಲೆಗೆ ಹೋಗುತ್ತದೆ. ಸುಮಾರು 60 ಕಿ.ಮೀ. ಉದ್ದದ ಈ ದಾರಿಯಲ್ಲಿ ರೆಸಾರ್ಟ್, ಹೋಂಸ್ಟೇ, ಜೇನು ಮತ್ತು ಮಸಾಲೆ ಅಂಗಡಿಗಳ ಫಲಕಗಳನ್ನು ಎಣಿಸಿ ಮುಗಿಸಲಾಗದು. ಮಡಿಕೇರಿ ಪೇಟೆಯ ವೃತ್ತಗಳನ್ನು ಬಿಟ್ಟರೆ, ಇದು ಸೈನಿಕರ ನಾಡು ಎಂದು ದಾರಿಹೋಕನಿಗೆ ತಿಳಿಸುವ ಗುರುತು ನನ್ನ ಕಣ್ಣಿಗೆ ಬಿದ್ದಿಲ್ಲ.

ನನ್ನ ತಂದೆ 1971ರಲ್ಲಿ ಪೂರ್ವ ಗಡಿಯಲ್ಲಿದ್ದವರು. ರಜೆ ಮುಗಿದ ದಿನ ಬೆಳಗಿನ ಜಾವ ಟ್ರಂಕು ಹೊತ್ತುಕೊಂಡು ಈ ರಸ್ತೆಗೆ ಇಳಿದು ಮೈಸೂರು ಬಸ್ಸಿಗೆ ಕಾಯುತ್ತಿದ್ದರು. ಕೊಡಗಿಗೆ ರೈಲು ಇಲ್ಲದ ಕಾರಣ ನಮ್ಮ ಸೈನಿಕರೆಲ್ಲರೂ ಗಡಿಗೆ ಹೊರಟದ್ದು ಈ ರಸ್ತೆಯಿಂದಲೇ. ಆದ್ದರಿಂದ ಈ ಭಾಗಕ್ಕೆ ಕೊಡಗಿನ ಯೋಧರ ಹೆಸರಿಡಬೇಕೆಂದು ಮನವಿ ಸಲ್ಲಿಸಬೇಕೆಂದಿದ್ದೇನೆ. ಒಬ್ಬರ ಹೆಸರೋ ಎಲ್ಲರಿಗೂ ಸೇರಿದ ಹೆಸರೋ ಎಂಬುದು ನನಗೆ ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ಅಭಿಪ್ರಾಯ ತಿಳಿಸಿ.

ಶನಿವಾರಸಂತೆಯ ಓದುಗ
ಇದರಲ್ಲಿ ತೀರ್ಮಾನವಾಗದೆ ಉಳಿಯುವಂಥದ್ದು ಏನಿದೆ? 1899ರ ಜನವರಿ 28ರಂದು ನಮ್ಮ ಶನಿವಾರಸಂತೆಯಲ್ಲಿ ಹುಟ್ಟಿ, 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡ ಕೆ.ಎಂ. ಕಾರ್ಯಪ್ಪನವರ ಹೆಸರನ್ನಲ್ಲದೆ ಬೇರೆ ಯಾವ ಹೆಸರನ್ನು ಇಡಲು ಸಾಧ್ಯ? ಇಡೀ ದೇಶ ಆ ದಿನವನ್ನು ಸೇನಾ ದಿನವೆಂದು ಆಚರಿಸುತ್ತದೆ. ‘ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹೆದ್ದಾರಿ’ ಎಂದರೆ ವಿವರಣೆಯೇ ಬೇಕಾಗುವುದಿಲ್ಲ.

ಅಮ್ಮತ್ತಿಯ ಬೆಳೆಗಾರ
ಮೊದಲು ಒಂದು ತಿದ್ದುಪಡಿ. ಎಲ್ಲರೂ ಈ ರಸ್ತೆಯಿಂದ ಹೊರಟರು ಎಂಬುದು ಸರಿಯಲ್ಲ. ದಕ್ಷಿಣ ಕೊಡಗಿನವರು ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾರಿಯಾಗಿ ಮೈಸೂರಿಗೆ ಹೋಗುತ್ತಿದ್ದರು. ನಮ್ಮ ಮನೆಯ ಮೂವರು ಸೈನ್ಯದಲ್ಲಿದ್ದರು. ಅವರಲ್ಲಿ ಒಬ್ಬರೂ ರೈಲು ಹಿಡಿಯಲು ಸುಂಟಿಕೊಪ್ಪದ ಮೂಲಕ ಹೋದವರಲ್ಲ. ಉತ್ತರ ಕೊಡಗಿನ ರಸ್ತೆಯೊಂದಕ್ಕೆ ಹೆಸರಿಟ್ಟು ಇಡೀ ಜಿಲ್ಲೆಯ ಯೋಧರಿಗೆ ಗೌರವ ಸಲ್ಲಿಸಿದೆವೆಂದು ಹೇಳಿದರೆ ನಮ್ಮ ಕಡೆಯವರು ಒಪ್ಪುವುದು ಕಷ್ಟ.

ಕೆದಕಲ್ ನಿವಾಸಿ
ತಿದ್ದಿದ್ದಕ್ಕೆ ವಂದನೆ, ಅಣ್ಣ. ನನ್ನ ಮನೆಯ ಮುಂದಿನ ರಸ್ತೆಯನ್ನೇ ಇಡೀ ಕೊಡಗೆಂದು ಭಾವಿಸಿದ್ದು ನನ್ನ ತಪ್ಪು.

ಬೆಂಗಳೂರಿನಲ್ಲಿರುವ ಕೊಡಗಿನವಳು
ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿದೆ, ರಿಚ್‌ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರಿದೆ. ಹನ್ನೊಂದು ವರ್ಷಗಳಿಂದ ನಾನು ಅದೇ ರಸ್ತೆಗಳಲ್ಲಿ ಕಚೇರಿಗೆ ಹೋಗಿಬರುತ್ತಿದ್ದೇನೆ. ಒಬ್ಬ ಆಟೋ ಚಾಲಕರ ಬಾಯಲ್ಲೂ ಆ ಹೆಸರುಗಳನ್ನು ಕೇಳಿಲ್ಲ. ಫಲಕದಲ್ಲಿರುವ ಹೆಸರು ಬೇರೆ, ಬಾಯಿಗೆ ಹತ್ತುವ ಹೆಸರು ಬೇರೆ. ಆದರೆ ಮಡಿಕೇರಿಯಲ್ಲಿ ‘ತಿಮ್ಮಯ್ಯ ಸರ್ಕಲ್‌ನಲ್ಲಿ ಇಳಿಸಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅಲ್ಲಿ ಪ್ರತಿಮೆ ಇದೆ, ನಿಂತು ನೋಡುವಂಥ ಒಂದು ಜಾಗವಿದೆ. 60 ಕಿ.ಮೀ. ರಸ್ತೆಗೆ ಬರೀ ಹೆಸರಿಟ್ಟರೆ ಅದು ಕಡತದಲ್ಲಿ ಉಳಿಯುತ್ತದೆ, ಜನ ‘ಮೈಸೂರು ರಸ್ತೆ’, ‘ಮಂಗಳೂರು ರಸ್ತೆ’ ಎನ್ನುತ್ತಲೇ ಇರುತ್ತಾರೆ ಎಂಬ ಆತಂಕ ನನ್ನದು.

ಶನಿವಾರಸಂತೆಯ ಓದುಗ
ಜನ ಬಳಸುವುದಿಲ್ಲ ಎಂಬ ಕಾರಣಕ್ಕೆ ಹೆಸರೇ ಬೇಡವೆನ್ನುವುದು ಸರಿಯೇ? ರಿಚ್‌ಮಂಡ್ ಎಂಬ ಹೆಸರು ಅಲ್ಲಿ ಮೊದಲೇ ಬೇರೂರಿತ್ತು, ಹಾಗಾಗಿ ಹೊಸದು ಹತ್ತಲಿಲ್ಲ. ನಮ್ಮ ಹೆದ್ದಾರಿಗೆ ಸಂಖ್ಯೆಯ ಹೊರತು ಬೇರೆ ಹೆಸರಿಲ್ಲ. ಆ ಸಂಖ್ಯೆಯೂ ಸ್ಥಿರವಲ್ಲ. ಮೊದಲು ರಾಜ್ಯ ಹೆದ್ದಾರಿ 88 ಆಗಿದ್ದದ್ದು ಈಗ 275 ಆಗಿದೆ.

ನಿವೃತ್ತ ಹವಾಲ್ದಾರ್, ಸುಂಟಿಕೊಪ್ಪ
ಇಪ್ಪತ್ನಾಲ್ಕು ವರ್ಷ ಸೈನ್ಯದಲ್ಲಿದ್ದವನು ನಾನು. ಕಾರ್ಯಪ್ಪನವರ ಬಗ್ಗೆಯಾಗಲಿ ತಿಮ್ಮಯ್ಯನವರ ಬಗ್ಗೆಯಾಗಲಿ ನನ್ನ ಗೌರವ ಯಾರಿಗಿಂತಲೂ ಕಡಿಮೆಯಲ್ಲ. ಆದರೂ ಈ ರಸ್ತೆಗೆ ಒಬ್ಬ ಅಧಿಕಾರಿಯ ಹೆಸರಿಡುವುದನ್ನು ನಾನು ಒಪ್ಪಲಾರೆ. ಮಡಿಕೇರಿಯಲ್ಲಿ ಒಮ್ಮೆ ಸುತ್ತಾಡಿ ನೋಡಿ. ಜನರಲ್ ತಿಮ್ಮಯ್ಯ ವೃತ್ತವಿದೆ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವೃತ್ತವಿದೆ, ಮೇಜರ್ ಮಂಗೇರಿರ ಮುತ್ತಣ್ಣನವರ ಪ್ರತಿಮೆಯಿದೆ, ಫೀಲ್ಡ್ ಮಾರ್ಷಲ್ ಹೆಸರಿನ ಕಾಲೇಜಿದೆ, ತಿಮ್ಮಯ್ಯನವರು ಹುಟ್ಟಿ ಬೆಳೆದ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ರಾಷ್ಟ್ರಪತಿಗಳಿಂದ ಉದ್ಘಾಟನೆಗೊಂಡಿದೆ. ಇವೆಲ್ಲವೂ ಆಗಬೇಕಾದದ್ದೇ. ಆದರೆ ಸಿಪಾಯಿ, ನಾಯಕ್, ಹವಾಲ್ದಾರ್ ಆಗಿ ಹೋಗಿ ಮರಳಿ ಬಾರದವರ ಹೆಸರು ಎಲ್ಲಿದೆ? ಅವರ ಮನೆಯ ಗೋಡೆಯ ಮೇಲಿನ ಫೋಟೋದಲ್ಲಿದೆ, ಅಷ್ಟೇ.

1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಸೇನೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಯಾದಾಗ ನಡೆದದ್ದು ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ, ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಶೇಷ ಸವಲತ್ತು ನೀಡಲು ಮುಂದಾದರೂ, ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರಿಗೂ ಸಿಗದ ಸವಲತ್ತು ತಮ್ಮ ಮಗನಿಗೆ ಬೇಡವೆಂದು ಕಾರ್ಯಪ್ಪನವರು ನಿರಾಕರಿಸಿದರು. ಸ್ವಂತ ಮಗನನ್ನೂ ಸಾಲಿನಿಂದ ಮುಂದಕ್ಕೆ ಕರೆಯಲು ಒಪ್ಪದಿದ್ದವರ ಹೆಸರಿನಲ್ಲಿ ನಾವು ಉಳಿದ ಸೈನಿಕರನ್ನು ಹಿಂದಕ್ಕೆ ಸರಿಸಬಾರದು.

ಶನಿವಾರಸಂತೆಯ ಓದುಗ
ಹವಾಲ್ದಾರ್ ಸಾಹೇಬರೇ, ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಹೆದ್ದಾರಿಗೆ ‘ಕೊಡಗಿನ ಯೋಧರ ಹೆದ್ದಾರಿ’ ಎಂದೇ ಇಡೋಣ. ಆದರೆ ಎಲ್ಲರಿಗೂ ಸೇರಿದ ಹೆಸರು ಕೊನೆಗೆ ಯಾರಿಗೂ ಸೇರದಂತಾಗುವ ಅಪಾಯವಿದೆಯೆಂಬುದನ್ನು ಮಾತ್ರ ಹೇಳದೆ ಇರಲಾರೆ.

ಜೋಡುಪಾಲದವಳು
ನಿಮ್ಮ ಚರ್ಚೆಯ ನಡುವೆ ಕಟುವಾದ ಮಾತಾಡುತ್ತಿದ್ದೇನೆ, ಕ್ಷಮಿಸಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಕೊಚ್ಚಿಹೋದಾಗ ನಾವು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟವರು. ಇಂದಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ರಾತ್ರಿ ಮಳೆ ಜೋರಾದರೆ ನನ್ನ ತಾಯಿ ಮಲಗುವುದಿಲ್ಲ. ಈ ರಸ್ತೆಯ ತಡೆಗೋಡೆ, ಚರಂಡಿ, ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಕುಸಿತದ ಬಗ್ಗೆ ಅರ್ಜಿ ಕೊಟ್ಟು ಕೊಟ್ಟು ನಮ್ಮ ಊರಿನವರು ಸೋತಿದ್ದಾರೆ. ಮೊದಲು ರಸ್ತೆ ನಿಲ್ಲಲಿ, ಆಮೇಲೆ ಹೆಸರು ನಿಲ್ಲಲಿ.

ಕೆದಕಲ್ ನಿವಾಸಿ
ಅಕ್ಕ, ನಿಮ್ಮ ಮಾತು ಕಟುವಲ್ಲ. ಮನವಿಯಲ್ಲಿ ರಸ್ತೆಯ ಸುರಕ್ಷತೆಯನ್ನೂ ಸೇರಿಸಿದರೆ ನಿಮಗೆ ಒಪ್ಪಿಗೆಯೇ?

ಜೋಡುಪಾಲದವಳು
ಸೇರಿಸುವುದಾದರೆ ಮೊದಲ ಪುಟದಲ್ಲಿ ಸೇರಿಸಿ. ಇನ್ನೊಂದು ಮಾತನ್ನೂ ಹೇಳಬೇಕು. ಆ ದಿನಗಳಲ್ಲಿ ಹಗ್ಗ ಕಟ್ಟಿಕೊಂಡು ಕೆಸರಿನಲ್ಲಿ ಇಳಿದು ಬಂದ ಸೈನಿಕರು ಉತ್ತರ ಭಾರತದ ಯಾವುದೋ ಊರಿನ ಹುಡುಗರು. ನಮ್ಮ ಭಾಷೆ ಅವರಿಗೆ ತಿಳಿಯದು, ಅವರ ಭಾಷೆ ನನ್ನ ಅಜ್ಜಿಗೆ ತಿಳಿಯದು. ಅವರಲ್ಲೊಬ್ಬ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ತಂದ. ನಮ್ಮ ಊರಿನಿಂದ ಹೋದ ಹುಡುಗರೂ ಬೇರೆ ಊರಿನ ಅಜ್ಜಿಯರನ್ನು ಹಾಗೆಯೇ ಹೊತ್ತಿರಬಹುದು. ಹೆಸರಿಡುವುದಕ್ಕೆ ನನ್ನ ವಿರೋಧವಿಲ್ಲ. ಆ ಹೆಸರಿನ ಫಲಕವಿರುವ ರಸ್ತೆ ಮುಂದಿನ ಮಳೆಗಾಲದಲ್ಲಿ ಜರಿದು ಬೀಳಬಾರದೆಂಬುದು ನನ್ನ ಕಾಳಜಿ.

ಇತಿಹಾಸದ ಮೇಷ್ಟ್ರು, ಮಡಿಕೇರಿ
ಯೋಧರು ಎಂದರೆ ಯಾರು ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳದಿದ್ದರೆ ಮುಂದೆ ಮನಸ್ತಾಪವಾಗುತ್ತದೆ. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ದಂಗೆಯಲ್ಲಿ ಭಾಗಿಯಾದ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ನೂರು ವರ್ಷಗಳ ನಂತರ ಅದೇ ಕೊಡಗಿನ ಯುವಕರು ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಸೇನೆಯಲ್ಲಿ ಸೇರಿ ಬರ್ಮಾದ ಕಾಡುಗಳಲ್ಲಿ ಹೋರಾಡಿದರು. ಸ್ವಾತಂತ್ರ್ಯದ ನಂತರದ ಯುದ್ಧಗಳಲ್ಲಿ ಮಡಿದವರು ಬೇರೆ. ಈ ಮೂವರನ್ನೂ ಒಂದೇ ಹೆಸರಿನಡಿ ತರುತ್ತೀರೋ? ಕೊಡವರು, ಅರೆಭಾಷೆ ಗೌಡರು, ಇಲ್ಲಿನ ಮುಸ್ಲಿಮರು, ಕ್ರೈಸ್ತರು, ದಲಿತರು, ಹೀಗೆ ಎಲ್ಲ ಸಮುದಾಯಗಳ ಮನೆಗಳಿಂದಲೂ ಸೈನ್ಯಕ್ಕೆ ಹೋದವರಿದ್ದಾರೆ. ಒಂದು ಸಮುದಾಯದ ಹೆಸರು ಮಾತ್ರ ಕಾಣುವಂತಾದರೆ ಉದ್ದೇಶವೇ ಕೆಡುತ್ತದೆ.

ಮಡಿಕೇರಿ ಪೇಟೆಯವನು
ಬ್ರಿಟಿಷರ ಸಂಬಳಕ್ಕೆ ಹೋರಾಡಿದವರನ್ನು ಅಪ್ಪಯ್ಯ ಗೌಡರ ಸಾಲಿಗೆ ಸೇರಿಸುವುದು ನನಗೆ ಸರಿಕಾಣುವುದಿಲ್ಲ.

ಅಮ್ಮತ್ತಿಯ ಬೆಳೆಗಾರ
ಈ ಮಾತನ್ನು ನಾನು ಖಂಡಿಸುತ್ತೇನೆ. ನನ್ನ ಅಜ್ಜ ಬರ್ಮಾದಿಂದ ಮಲೇರಿಯಾ ಹಚ್ಚಿಕೊಂಡು ಮರಳಿದವರು. ಒಂದು ಕಿವಿ ಕೇಳಿಸುತ್ತಿರಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ, ಮನೆಯಲ್ಲಿ ಒಂಬತ್ತು ಜನರ ಹೊಟ್ಟೆ ತುಂಬಿಸುವ ಹೊಣೆಯಿದ್ದಾಗ ಸೈನ್ಯಕ್ಕೆ ಸೇರಿದವರನ್ನು ಇಂದು ಕುಳಿತು ತೂಗಬಾರದು. 1948ರಲ್ಲಿ ಹನ್ನೊಂದು ಸಾವಿರ ಅಡಿಗಿಂತ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ದಾರಿ ತೆರೆಸಿದ ತಿಮ್ಮಯ್ಯನವರು ಯುದ್ಧ ಕಲಿತದ್ದು ಯಾವ ಸೇನೆಯಲ್ಲಿ? ಅದೇ ಸೇನೆಯಲ್ಲಿ. ಕಾಶ್ಮೀರವನ್ನು ಉಳಿಸಿಕೊಳ್ಳುವ ಹೊತ್ತಿಗೆ ದೇಶಕ್ಕೆ ಅನುಭವವಿದ್ದ ಸೈನಿಕರು ಸಿಕ್ಕಿದ್ದು ಇಂಥವರಿಂದಲೇ.

ಮಡಿಕೇರಿ ಪೇಟೆಯವನು
ಅಣ್ಣ, ನಿಮ್ಮ ಅಜ್ಜನವರಿಗೆ ನೋವಾಗುವಂತೆ ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ. ಪಟ್ಟಿಯಲ್ಲಿ ಇಸವಿ ಮತ್ತು ಯುದ್ಧದ ಹೆಸರು ಸ್ಪಷ್ಟವಾಗಿದ್ದರೆ ಓದುವವರು ಅರ್ಥಮಾಡಿಕೊಳ್ಳುತ್ತಾರೆ ಎಂಬಷ್ಟಕ್ಕೆ ನಾನು ಒಪ್ಪುತ್ತೇನೆ.

ಬೆಂಗಳೂರಿನಲ್ಲಿರುವ ಕೊಡಗಿನವಳು
ದೇವಯ್ಯನವರಿಗೆ 1966ರಲ್ಲಿಯೇ ಮಹಾವೀರ ಚಕ್ರ ಬಂದಿತ್ತಲ್ಲವೇ? ಹಾಗಿದ್ದೂ ಇಂದಿನ ಮಕ್ಕಳಿಗೆ ಅವರ ಪರಿಚಯವಿಲ್ಲದಿರುವುದು ಬೇಸರದ ವಿಷಯ.

ಇತಿಹಾಸದ ಮೇಷ್ಟ್ರು, ಮಡಿಕೇರಿ
ಇಲ್ಲ ತಾಯಿ, ಅದು ಬಂದದ್ದು 1988ರಲ್ಲಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ದೇವಯ್ಯನವರು ಮೊದಲಿಗೆ ಕಾಯ್ದಿರಿಸಿದ ಪೈಲಟ್ ಆಗಿದ್ದರು. ಅವರ ಮಿಸ್ಟೇರ್ ವಿಮಾನಕ್ಕಿಂತ ಬಹಳ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಅವರನ್ನು ಹೊಡೆಯಿತು. ಪೆಟ್ಟು ತಿಂದ ವಿಮಾನದಲ್ಲೇ ಅವರು ತಿರುಗಿ ಬಿದ್ದು ಆ ಸ್ಟಾರ್‌ಫೈಟರನ್ನು ಉರುಳಿಸಿದರು, ತಾವು ಮರಳಲಿಲ್ಲ. ಅವರು ಕಾಣೆಯಾದರೆಂಬುದಷ್ಟೇ ನಮ್ಮ ಕಡೆ ತಿಳಿದಿತ್ತು. ಆಚೆ ಕಡೆಯ ವಿವರಗಳನ್ನು ಆಧರಿಸಿದ ವಿದೇಶಿ ಬರಹವೊಂದರಿಂದ ಸತ್ಯ ಹೊರಬಂದು, 23 ವರ್ಷಗಳ ನಂತರ ಮರಣೋತ್ತರ ಮಹಾವೀರ ಚಕ್ರ ಸಂದಿತು. ಸ್ಕ್ವಾಡ್ರನ್ ಲೀಡರ್ ಒಬ್ಬರ ಸಾಹಸವೇ ಇಷ್ಟು ಕಾಲ ಮುಚ್ಚಿಹೋಗಿತ್ತೆಂದರೆ, ಕಂದಕದಲ್ಲಿ ಮಡಿದ ಸಿಪಾಯಿಯ ಕೊನೆಯ ಗಳಿಗೆಯನ್ನು ಬರೆದಿಟ್ಟವರು ಯಾರು?

ವಿರಾಜಪೇಟೆಯ ವಕೀಲ
ಕಾರ್ಯವಿಧಾನದ ಬಗ್ಗೆ ಸಂಕ್ಷಿಪ್ತವಾಗಿ ತಿಳಿಸುತ್ತೇನೆ. ಪೇಟೆಯೊಳಗಿನ ವೃತ್ತಕ್ಕೆ ಹೆಸರಿಡುವ ಪ್ರಸ್ತಾವನೆ ಸ್ಥಳೀಯ ಸಂಸ್ಥೆಯಿಂದ ಹೊರಡಬಹುದು. ರಾಷ್ಟ್ರೀಯ ಹೆದ್ದಾರಿ ಹಾಗಲ್ಲ. ಅದು ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯಕ್ಕೆ ಸೇರಿದ್ದು. ಹೆದ್ದಾರಿಯ ಪಕ್ಕದ ಗ್ರಾಮ ಪಂಚಾಯಿತಿಗಳ ನಿರ್ಣಯಗಳನ್ನು ಒಟ್ಟುಗೂಡಿಸಿ, ಜಿಲ್ಲಾಡಳಿತದ ಮೂಲಕ ರಾಜ್ಯ ಸರ್ಕಾರಕ್ಕೆ ಕೊಂಡೊಯ್ದು, ಅಲ್ಲಿಂದ ದೆಹಲಿಗೆ ಹೋಗುವುದು ಗೌರವದ ದಾರಿ. ವರ್ಷಗಳೇ ಹಿಡಿಯಬಹುದು. ಆದರೆ ಊರಿನ ಕವಲುರಸ್ತೆಯ ಬದಿಯಲ್ಲಿ, ಹೆದ್ದಾರಿಯ ಗಡಿಯ ಹೊರಗೆ, ಪಂಚಾಯಿತಿಯ ಜಾಗದಲ್ಲಿ ಏನನ್ನಾದರೂ ನಿಲ್ಲಿಸಲು ದೆಹಲಿಯವರೆಗೆ ಹೋಗಬೇಕಿಲ್ಲ.

ನಿವೃತ್ತ ಹವಾಲ್ದಾರ್, ಸುಂಟಿಕೊಪ್ಪ
ವಕೀಲರೇ, ನಾನು ಹೇಳಬೇಕೆಂದಿದ್ದ ಮಾತಿಗೆ ನೀವೇ ದಾರಿ ಮಾಡಿಕೊಟ್ಟಿರಿ. ಕನ್ನಡ ನಾಡಿನ ಹಳ್ಳಿಗಳಲ್ಲಿ ವೀರಗಲ್ಲುಗಳು ಎಲ್ಲಿ ನಿಂತಿವೆ ಎಂಬುದನ್ನು ನೋಡಿ. ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ. ಅವುಗಳ ಮೇಲಿರುವವರೆಲ್ಲ ರಾಜರಲ್ಲ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಿಕೊಳ್ಳಲು ಹೋಗಿ ಸತ್ತವರು, ಊರಿಗಾಗಿ ಬಾಣಕ್ಕೆ ಎದೆ ಕೊಟ್ಟವರು. ಸಾವಿರ ವರ್ಷ ಕಳೆದರೂ ಆ ಕಲ್ಲುಗಳು ಅಲ್ಲೇ ಇವೆ. ನಾವೂ ಅದನ್ನೇ ಮಾಡೋಣ. ಹೆದ್ದಾರಿಗೆ ಒಟ್ಟು ಹೆಸರು ಬರುವಾಗ ಬರಲಿ. ಅದಕ್ಕೆ ಕಾಯದೆ, ಊರಿಗೆ ತಿರುಗುವ ಪ್ರತಿಯೊಂದು ಜಂಕ್ಷನ್‌ನಲ್ಲಿ, ಬಸ್ ತಂಗುದಾಣದ ಪಕ್ಕ ಒಂದು ಕಲ್ಲು ನಿಲ್ಲಿಸಿ, ಆ ಊರಿನಿಂದ ಹೋಗಿ ಮರಳದವರ ಹೆಸರನ್ನು ಕೊರೆಯೋಣ. ದಕ್ಷಿಣ ಕೊಡಗಿನವರ ದೂರು ಕೂಡ ಇದರಿಂದ ತೀರುತ್ತದೆ. ಕಲ್ಲು ತಿತಿಮತಿಯಲ್ಲೂ ನಿಲ್ಲುತ್ತದೆ, ಮಾಕುಟ್ಟದಲ್ಲೂ ನಿಲ್ಲುತ್ತದೆ.

ಅಮ್ಮತ್ತಿಯ ಬೆಳೆಗಾರ
ಹೀಗಾದರೆ ನನ್ನ ಆಕ್ಷೇಪವಿಲ್ಲ. ನಮ್ಮ ಊರಿನ ಕಲ್ಲಿನ ಖರ್ಚನ್ನು ನಾನು ಕೊಡುತ್ತೇನೆ.

ಮಡಿಕೇರಿ ಪೇಟೆಯವನು
ನಿಲ್ಲಿಸಿದ ಮೇಲೆ ನೋಡಿಕೊಳ್ಳುವವರು ಯಾರು? 2023ರ ಆಗಸ್ಟ್‌ನಲ್ಲಿ ಬಸ್ಸೊಂದು ಗುದ್ದಿ ಜನರಲ್ ತಿಮ್ಮಯ್ಯನವರ ಪ್ರತಿಮೆ ನೆಲಕ್ಕೆ ಬಿದ್ದದ್ದನ್ನು ನೋಡಿದವರಲ್ಲಿ ನಾನೂ ಒಬ್ಬ. ಅದನ್ನು ಮತ್ತೆ ನಿಲ್ಲಿಸಿದರು, ನಿಜ. ಆದರೆ ಬಿದ್ದ ಆ ಬೆಳಗ್ಗೆ ಅಲ್ಲಿ ಸೇರಿದ್ದ ಹಿರಿಯರ ಮುಖಗಳು ಇನ್ನೂ ನನ್ನ ಕಣ್ಣ ಮುಂದಿವೆ. ಕಲ್ಲನ್ನು ತಿರುವಿನಿಂದ ಹಿಂದಕ್ಕೆ ಸರಿಸಿ, ಎತ್ತರದ ಕಟ್ಟೆಯ ಮೇಲೆ ಇಡಬೇಕು.

ಕೆದಕಲ್ ನಿವಾಸಿ
ಯಾರ ಹೆಸರುಗಳು ಎಂಬ ಪ್ರಶ್ನೆ ಉಳಿದಿದೆ. ಯುದ್ಧದಲ್ಲಿ ಮಡಿದವರು ಮಾತ್ರವೇ? ಹಿಮಪಾತದಲ್ಲಿ, ಭಯೋತ್ಪಾದಕರ ಗುಂಡಿಗೆ, ಗಡಿಯಲ್ಲಿ ವಾಹನ ಉರುಳಿ ಮಡಿದವರೂ ಸೇರಬೇಕೇ? ಸೇವೆ ಮುಗಿಸಿ ಬಂದ ನನ್ನ ತಂದೆಯಂಥವರೂ ಸೇರಬೇಕೇ?

ನಿವೃತ್ತ ಹವಾಲ್ದಾರ್, ಸುಂಟಿಕೊಪ್ಪ
ಕರ್ತವ್ಯದ ಮೇಲಿದ್ದಾಗ ಪ್ರಾಣ ಬಿಟ್ಟವರೆಲ್ಲರೂ ಸೇರಬೇಕು. ಹಿಮಕ್ಕೆ ಸಿಕ್ಕಿ ಸತ್ತವನೂ ಗುಂಡಿಗೆ ಸತ್ತವನೂ ಒಂದೇ ಸಮವಸ್ತ್ರ ತೊಟ್ಟಿದ್ದರು. ಮರಳಿ ಬಂದ ನಮ್ಮಂಥವರ ಹೆಸರು ಬೇಡ. ನಾವು ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದೇವೆ, ಅಷ್ಟು ಸಾಕು. ನಿಮ್ಮ ತಂದೆಯವರೂ ಇದನ್ನೇ ಹೇಳುತ್ತಿದ್ದರೆಂದು ನಂಬುತ್ತೇನೆ.

ಕೆದಕಲ್ ನಿವಾಸಿ
ಹೌದು, ಇದನ್ನೇ ಹೇಳುತ್ತಿದ್ದರು.

ವಿರಾಜಪೇಟೆಯ ವಕೀಲ
ಪಟ್ಟಿಯನ್ನು ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯ ದಾಖಲೆಯೊಂದಿಗೆ ಹೋಲಿಸಿ ನೋಡಬೇಕು. ಬಾಯಿಮಾತಿನಿಂದ ಹೆಸರು ಕೊರೆದು, ನಂತರ ತಪ್ಪಾಗಿದೆಯೆಂದು ಕಲ್ಲು ಕೀಳುವಂತಾಗಬಾರದು.

ಪೊನ್ನಂಪೇಟೆಯ ಮಗಳು
ಎಲ್ಲರ ಮಾತುಗಳನ್ನೂ ಓದಿದೆ. ನನ್ನ ತಂದೆ 1965ರಲ್ಲಿ ಹೋದವರು ಬರಲಿಲ್ಲ. ಆಗ ನನಗೆ ನಾಲ್ಕು ವರ್ಷ. ಈಗಿನ ಹಾಗೆ ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆಯಲ್ಲಿ ಊರಿಗೆ ಕರೆತರುವ ವ್ಯವಸ್ಥೆ ಆ ಕಾಲದಲ್ಲಿ ಇರಲಿಲ್ಲ. ಮಡಿದವರ ಅಂತ್ಯಕ್ರಿಯೆ ಸಾಮಾನ್ಯವಾಗಿ ಗಡಿಯ ಕಡೆಯಲ್ಲೇ ನಡೆಯುತ್ತಿತ್ತು. ನಮಗೆ ಬಂದದ್ದು ಮೊದಲು ಒಂದು ತಂತಿ, ಕೆಲವು ತಿಂಗಳ ನಂತರ ಅವರ ಟ್ರಂಕು. ಸಾವಿನ ಸುದ್ದಿ ತಿಳಿಸಲು ನಮ್ಮಲ್ಲಿ ಎರಡು ಗುಂಡು ಹಾರಿಸುವ ಪದ್ಧತಿ. ದೊಡ್ಡಪ್ಪ ಅಂಗಳದಲ್ಲಿ ನಿಂತು ಗುಂಡು ಹಾರಿಸಿದರು, ಅಕ್ಕಪಕ್ಕದ ಊರಿನವರು ಬಂದರು, ಆದರೆ ಅವರಿಗೆ ತೋರಿಸಲು ನಮ್ಮ ಬಳಿ ಏನೂ ಇರಲಿಲ್ಲ. ಅವ್ವ ತೀರಿಕೊಳ್ಳುವವರೆಗೂ ವರ್ಷಕ್ಕೊಮ್ಮೆ ಆ ಟ್ರಂಕಿನ ಮುಂದೆ ದೀಪ ಹಚ್ಚುತ್ತಿದ್ದರು. ಹೆದ್ದಾರಿಗೆ ಏನು ಹೆಸರಿಡುತ್ತೀರೋ ನನಗೆ ತಿಳಿಯದು. ನಮ್ಮ ಊರಿನ ತಿರುವಿನಲ್ಲಿ ಒಂದು ಕಲ್ಲು ನಿಂತರೆ ನಾನು ಅಲ್ಲಿಗೆ ಹೋಗಬಲ್ಲೆ.

ಜೋಡುಪಾಲದವಳು
ಅಮ್ಮ, ಮನವಿಯ ಮೊದಲ ಪುಟ ರಸ್ತೆಗೆ ಬೇಕೆಂದು ಹಟ ಹಿಡಿದಿದ್ದೆ. ಅದು ನಿಮ್ಮ ಕಲ್ಲಿಗೆ ಇರಲಿ, ರಸ್ತೆಯ ವಿಷಯ ಎರಡನೆಯ ಪುಟಕ್ಕೆ ಬರಲಿ.

ಶನಿವಾರಸಂತೆಯ ಓದುಗ
ಹೆಸರು ಬರೆಯುವ ಕ್ರಮದ ಬಗ್ಗೆ ಒಂದು ವಿನಂತಿ. ಸೇನೆಯ ದಾಖಲೆಗಳಲ್ಲಿ ಮನೆತನದ ಹೆಸರು ಒಂದು ಅಕ್ಷರಕ್ಕೆ ಕುಗ್ಗಿಬಿಡುತ್ತದೆ. ಒಂದೇ ಹೆಸರಿನ ಅಪ್ಪಯ್ಯ, ಬೋಪಯ್ಯ, ಪೂವಯ್ಯರು ಎಷ್ಟೋ ಮಂದಿ ಇದ್ದಾರೆ. ಕಲ್ಲಿನ ಮೇಲೆ ಮನೆತನದ ಹೆಸರು ಪೂರ್ತಿಯಾಗಿ ಮೊದಲು, ಆಮೇಲೆ ತಂದೆಯ ಹೆಸರು, ಆಮೇಲೆ ಅವರ ಹೆಸರು ಇರಲಿ. ಊರು, ದಳ, ಇಸವಿ ಕೆಳಗೆ ಬರಲಿ. ಪದವಿಯನ್ನು ದೊಡ್ಡ ಅಕ್ಷರದಲ್ಲಿ ಕೊರೆಯುವುದು ಬೇಡ.

ಕೆದಕಲ್ ನಿವಾಸಿ
ಒಪ್ಪಿದೆ. ತಮ್ಮ ಊರಿನ ಹೆಸರುಗಳನ್ನು ಇದೇ ಕ್ರಮದಲ್ಲಿ ಬರೆದು ಕಳುಹಿಸಿ. ಪೊನ್ನಂಪೇಟೆಯ ಅಮ್ಮ, ನಿಮ್ಮ ತಂದೆಯವರ ದಾಖಲೆ ಏನಾದರೂ ಮನೆಯಲ್ಲಿ ಉಳಿದಿದೆಯೇ? ಸೇನಾ ಸಂಖ್ಯೆ ಸಿಕ್ಕಿದರೆ ಕಚೇರಿಯಲ್ಲಿ ಹುಡುಕಲು ಸುಲಭವಾಗುತ್ತದೆ.

ಪೊನ್ನಂಪೇಟೆಯ ಮಗಳು
ಕಾಗದಗಳೆಲ್ಲ ಗೆದ್ದಲು ಹಿಡಿದು ಹೋದವು. ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದಿದೆ. ಕೊನೆಯ ಎರಡು ಅಂಕಿಗಳು ಮಾಸಿವೆ, ಆದರೆ ಬೆರಳಿಟ್ಟು ಸವರಿದರೆ ತಿಳಿಯುತ್ತದೆ. ನಾಳೆ ಬೆಳಕಿನಲ್ಲಿ ನೋಡಿ ಬರೆದುಕೊಂಡು ಕಳುಹಿಸುತ್ತೇನೆ.